ಖಾಲಿ ಪಿಕಪ್ಪು, ಹಿಮದ ರಸ್ತೆ: ಕರಾವಳಿಯಿಂದ ಕೆನಡಾಕ್ಕೆ ಹೋದವರಿಗೆ

ಪ್ರತಿವರ್ಷ ದೀಪಾವಳಿ ಕಳೆದು ತುಳಸಿ ಪೂಜೆಯ ಹೊತ್ತಿಗೆ ನನಗೆ ಕೆನಡಾದಿಂದ ಒಂದೇ ಬಗೆಯ ಫೋನ್ ಕರೆಗಳು ಬರತೊಡಗುತ್ತವೆ. ಕರೆ ಮಾಡುವವರು ಉಡುಪಿ, ಕುಂದಾಪುರ, ಮೂಡುಬಿದಿರೆ ಕಡೆಯ ಹುಡುಗರು. ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಓದಲೆಂದೋ ಕೆಲಸಕ್ಕೆಂದೋ ಹೋದವರು. ಹಳೆಯ ಪಿಕಪ್ ಒಂದು ಅಗ್ಗಕ್ಕೆ ಸಿಗುತ್ತಿದೆ, ಆದರೆ ಟೂ ವೀಲ್ ಡ್ರೈವ್, ಅದನ್ನು ಹಿಮದಲ್ಲಿ ಓಡಿಸಲು ಸಾಧ್ಯವೇ ಎಂಬುದು ಅವರ ಪ್ರಶ್ನೆ. ಒಂಟಾರಿಯೋ ಪ್ರಾಂತದ ಲಂಡನ್ ನಗರದಲ್ಲಿ ಅಂಥದ್ದೇ ಪಿಕಪ್ಪಿನಲ್ಲಿ ಮರಗೆಲಸದ ಸಾಮಾನು ಸಾಗಿಸುತ್ತ ಹಲವು ಚಳಿಗಾಲ ಕಳೆದು, ಈಗ ಪರ್ಕಳದಲ್ಲಿ ತೋಟ ನೋಡಿಕೊಂಡಿರುವ ನನಗೆ ಉತ್ತರ ಗೊತ್ತಿರುತ್ತದೆ ಎಂಬುದು ಅವರ ನಂಬಿಕೆ. ಫೋನಿನಲ್ಲಿ ಹೇಳಿ ಮುಗಿಸುವಷ್ಟು ಚಿಕ್ಕ ವಿಷಯ ಇದಲ್ಲವಾದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಸಾಧ್ಯ ಎಂಬುದು ನನ್ನ ಉತ್ತರ. ಆದರೆ ಆ ಗಾಡಿ ಅಗ್ಗಕ್ಕೆ ಸಿಗುವುದಕ್ಕೂ ಕಾರಣವಿದೆ. ಹಿಮದ ನಾಡಿನಲ್ಲಿ ಅದನ್ನು ಕೊಳ್ಳುವವರು ಕಡಿಮೆ. ಫೋರ್ ವೀಲ್ ಡ್ರೈವ್ ಇದ್ದರೆ ಹಿಮಕ್ಕೆ ಹೆದರಬೇಕಾಗಿಲ್ಲ, ಇಲ್ಲದಿದ್ದರೆ ಮನೆಯಲ್ಲೇ ಕೂರಬೇಕು ಎಂಬ ಮಾತು ಅಲ್ಲಿ ಎಲ್ಲರ ಬಾಯಲ್ಲೂ ಇದೆ. ನನ್ನ ಮಟ್ಟಿಗೆ ಈ ಮಾತಿನ ಎರಡೂ ಅರ್ಧಗಳು ತಪ್ಪು. ನಾಲ್ಕು ಚಕ್ರಕ್ಕೂ ಬಲ ಸಿಕ್ಕರೆ ಗಾಡಿ ಹೊರಡುವುದು ಮತ್ತು ಏರು ಹತ್ತುವುದು ಸುಲಭವಾಗುತ್ತದೆ, ನಿಜ. ನಿಲ್ಲುವ ವಿಷಯದಲ್ಲಿ ಮಾತ್ರ ಅದರಿಂದ ಯಾವ ಉಪಕಾರವೂ ಇಲ್ಲ, ಏಕೆಂದರೆ ಬ್ರೇಕ್ ಎಲ್ಲ ಗಾಡಿಗಳಲ್ಲೂ ನಾಲ್ಕು ಚಕ್ರಗಳಿಗೇ ಇರುತ್ತದೆ. ಹಿಮದಲ್ಲಿ ಜನ ಸಾಯುವುದು ಹೊರಡಲಾಗದೆ ಅಲ್ಲ, ನಿಲ್ಲಲಾಗದೆ.

ಪಿಕಪ್ಪುಗಳಲ್ಲಿ ಟೂ ವೀಲ್ ಡ್ರೈವ್ ಎಂದರೆ ಬಹುಮಟ್ಟಿಗೆ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಎಂಜಿನ್ನಿನ ಬಲ ಹೋಗುತ್ತದೆ ಎಂದರ್ಥ. ನಮ್ಮೂರಿನ ಬೊಲೆರೊ ಪಿಕಪ್ಪು, ದೋಸ್ತ್, ಟಾಟಾ ಏಸ್ ಎಲ್ಲವೂ ಇದೇ ಜಾತಿಯವು. ಆದ್ದರಿಂದ ಜುಲೈ ತಿಂಗಳಲ್ಲಿ ತೋಟದ ಕೆಂಪುಕಲ್ಲಿನ ಏರಿನಲ್ಲಿ ಖಾಲಿ ಪಿಕಪ್ಪನ್ನು ಹತ್ತಿಸಲು ಹೆಣಗಿದವರಿಗೆ ಹಿಮದ ಮೊದಲ ಪಾಠವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಅಡಿಕೆಯ ಚೀಲ ತುಂಬಿದ್ದಾಗ ಸಲೀಸಾಗಿ ಏರಿದ ಗಾಡಿ, ಸಾಮಾನು ಇಳಿಸಿ ಮರಳುವಾಗ ಪಾಚಿ ಕಟ್ಟಿದ ಅದೇ ಜಾಗದಲ್ಲಿ ಹಿಂದಿನ ಚಕ್ರ ತಿರುಗಿಸುತ್ತ, ಹಿಂಭಾಗವನ್ನು ಚರಂಡಿಯ ಕಡೆಗೆ ಸರಿಸುತ್ತ ನಿಂತುಬಿಡುತ್ತದೆ. ಎಂಜಿನ್ನಿನ ಭಾರವೆಲ್ಲ ಮುಂದೆ, ಬಲ ಸಿಗುವ ಚಕ್ರಗಳು ಹಿಂದೆ, ಆ ಚಕ್ರಗಳ ಮೇಲೆ ಬರಿಯ ತಗಡಿನ ತೊಟ್ಟಿ. ಖಾಲಿ ಪಿಕಪ್ಪಿನ ಒಟ್ಟು ಭಾರದಲ್ಲಿ ಸುಮಾರು 60 ಪಾಲು ಮುಂದಿನ ಚಕ್ರಗಳ ಮೇಲೂ 40 ಪಾಲು ಹಿಂದಿನ ಚಕ್ರಗಳ ಮೇಲೂ ಕೂತಿರುತ್ತದೆ.

ಇದನ್ನು ಒಂದು ಲೆಕ್ಕವಾಗಿ ಮಾಡಿ ನೋಡೋಣ. ಗಾಡಿ 1,500 ಕೆ.ಜಿ. ತೂಗುತ್ತದೆ, ಹಿಂದಿನ ಚಕ್ರಗಳ ಮೇಲೆ 600 ಕೆ.ಜಿ. ಇದೆ ಎಂದಿಟ್ಟುಕೊಳ್ಳಿ. ಗಾಡಿಗಳು ಓಡಾಡಿ ಗಟ್ಟಿಯಾದ ಹಿಮದ ಮೇಲೆ ಸಾಮಾನ್ಯ ಟಯರಿಗೆ ಸಿಗುವ ಹಿಡಿತ ಚಕ್ರದ ಮೇಲಿನ ಭಾರದ ಐದನೇ ಒಂದು ಪಾಲಿನಷ್ಟು ಎಂದು ಹಿಡಿದರೆ, ಮುಂದಕ್ಕೆ ತಳ್ಳಲು ಸಿಗುವ ಬಲ 120 ಕೆ.ಜಿ.ಗೆ ಸಮ. ನೂರು ಅಡಿಗೆ ಎಂಟು ಅಡಿ ಏರುವ ರಸ್ತೆಯಲ್ಲಿ ಆ ಗಾಡಿಯನ್ನು ಭೂಮಿ ಹಿಂದಕ್ಕೆ ಎಳೆಯುವ ಬಲವೂ ಸರಿಯಾಗಿ 120 ಕೆ.ಜಿ.ಗೆ ಸಮ. ಏರಿನಲ್ಲಿ ಒಂದಿಷ್ಟು ಭಾರ ಹಿಂದಕ್ಕೆ ಸರಿಯುವುದನ್ನು ಬಿಟ್ಟು ಹೇಳುವುದಾದರೆ, ಗಾಡಿಯ ಯೋಗ್ಯತೆ ಅಲ್ಲಿಗೆ ಮುಗಿಯಿತು. ಆಕ್ಸಿಲರೇಟರನ್ನು ಎಷ್ಟು ಒತ್ತಿದರೂ ಎಂಜಿನ್ನು ಕೂಗುತ್ತದೆಯೇ ಹೊರತು ಗಾಡಿ ಏರುವುದಿಲ್ಲ. ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲ್ಲಿನ ನೇರಕ್ಕೆ 150 ಕೆ.ಜಿ. ಮರಳು ಇಟ್ಟರೆ ಈ ಮಿತಿ ನೂರಕ್ಕೆ ಒಂಬತ್ತಕ್ಕೆ ಏರುತ್ತದೆ, ಅಷ್ಟೇ. ನಾಲ್ಕು ಚಕ್ರಕ್ಕೂ ಬಲವಿದ್ದರೆ ಅದೇ ಟಯರಿನಲ್ಲಿ ನೂರಕ್ಕೆ ಇಪ್ಪತ್ತು ಅಡಿಯ ಏರು. ಇಲ್ಲಿ ಫೋರ್ ವೀಲ್ ಡ್ರೈವಿನ ಗೆಲುವನ್ನು ಒಪ್ಪಿಕೊಳ್ಳಲೇಬೇಕು.

ಈಗ ನಿಲ್ಲುವ ಲೆಕ್ಕ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಗಾಡಿ ಒಣ ಡಾಂಬರಿನಲ್ಲಿ ಬ್ರೇಕ್ ಹಾಕಿದ ಮೇಲೆ ಸುಮಾರು 20 ಮೀಟರಿನಲ್ಲಿ ನಿಲ್ಲುತ್ತದೆ. ಮೇಲೆ ಹೇಳಿದ ಹಿಮದ ಹಿಡಿತದಲ್ಲಿ ಅದಕ್ಕೆ 70 ಮೀಟರು ಬೇಕು, ಹಿಡಿತ ಅದರ ಅರ್ಧಕ್ಕೆ ಇಳಿಯುವ ಮಂಜುಗಡ್ಡೆಯ ಮೇಲೆ 140 ಮೀಟರು. ಬ್ರೇಕಿಗೆ ಕಾಲು ಹೋಗುವಷ್ಟರಲ್ಲಿ ಗಾಡಿ ಓಡಿಬಿಡುವ ದೂರ ಇದರಲ್ಲಿ ಸೇರಿಲ್ಲ. ಈ ಅಂಕಿಗಳು ಟೂ ವೀಲಿಗೂ ಫೋರ್ ವೀಲಿಗೂ ಒಂದೇ. ಫೋರ್ ವೀಲ್ ಗಾಡಿ ಸರಾಗವಾಗಿ ಹೊರಡುವುದರಿಂದ ರಸ್ತೆ ಎಷ್ಟು ಜಾರುತ್ತಿದೆ ಎಂಬುದು ಅದರ ಚಾಲಕನಿಗೆ ಮೊದಲ ಸಿಗ್ನಲ್ ಬರುವ ತನಕ ತಿಳಿಯುವುದೇ ಇಲ್ಲ. ಹಿಂಚಕ್ರದ ಪಿಕಪ್ಪು ಮನೆಯ ಅಂಗಳದಲ್ಲೇ ಚಕ್ರ ತಿರುಗಿಸಿ ಆ ಸುದ್ದಿಯನ್ನು ಮುಟ್ಟಿಸಿರುತ್ತದೆ. ಹೆದ್ದಾರಿಯ ಪಕ್ಕದ ಕಂದಕಕ್ಕೆ ಇಳಿದ ದೊಡ್ಡ ದೊಡ್ಡ ಫೋರ್ ವೀಲ್ ಗಾಡಿಗಳನ್ನು ನೋಡುತ್ತ ನಾನು ಇದನ್ನು ಎಷ್ಟೋ ಸಲ ನೆನೆದಿದ್ದೇನೆ.

ಏರುವ ಲೆಕ್ಕವನ್ನೂ ನಿಲ್ಲುವ ಲೆಕ್ಕವನ್ನೂ ಒಟ್ಟಿಗೆ ಸುಧಾರಿಸಬಲ್ಲ ವಸ್ತು ಒಂದೇ, ಅದು ಟಯರು. ಐದನೇ ಒಂದು ಪಾಲಿನ ಹಿಡಿತ ಒಳ್ಳೆಯ ಚಳಿಗಾಲದ ಟಯರಿನಿಂದ ಹತ್ತರಲ್ಲಿ ಮೂರು ಪಾಲಿಗೆ ಏರಿದರೂ ಸಾಕು, 70 ಮೀಟರು ಇದ್ದದ್ದು 47ಕ್ಕೆ ಇಳಿಯುತ್ತದೆ. ಸಾಮಾನ್ಯ ಟಯರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಡುಸಾಗತೊಡಗುತ್ತದೆ; ಚಳಿಗಾಲದ ಟಯರಿನ ರಬ್ಬರು ಕೊರೆಯುವ ಚಳಿಯಲ್ಲೂ ಮೆತ್ತಗಿರುತ್ತದೆ, ಅದರ ಮೈಮೇಲಿನ ಕೂದಲೆಳೆಯಷ್ಟು ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು, ಈ ಚಿತ್ರ ಟಯರಿನ ಪಕ್ಕೆಯಲ್ಲಿ ಇದೆಯೇ ಎಂದು ನೋಡಿ ಕೊಳ್ಳಬೇಕು. ಬರೀ ಎಂ ಪ್ಲಸ್ ಎಸ್ (ಕೆಸರು ಮತ್ತು ಹಿಮ) ಎಂದು ಬರೆದಿದ್ದರೆ ಸಾಲದು. ಅದು ಟಯರಿನ ಗೀರುಗಳ ವಿನ್ಯಾಸವನ್ನಷ್ಟೇ ಹೇಳುತ್ತದೆ, ಹಿಮದ ಮೇಲಿನ ಪರೀಕ್ಷೆಯನ್ನಲ್ಲ.

ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟಯರು ಕಾನೂನಿನಂತೆ ಕಡ್ಡಾಯ. ಬ್ರಿಟಿಷ್ ಕೊಲಂಬಿಯಾದ ಬೆಟ್ಟದ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ನಿಯಮವಿದೆ. ಒಂಟಾರಿಯೋದಲ್ಲಿ ಕಡ್ಡಾಯವಿಲ್ಲ, ಹಾಕಿಸಿಕೊಂಡವರಿಗೆ ವಿಮೆಯ ಕಂತಿನಲ್ಲಿ ರಿಯಾಯಿತಿ ಕೊಡಬೇಕೆಂಬ ನಿಯಮ 2016ರಿಂದ ಇದೆ. ಕಡ್ಡಾಯವಿಲ್ಲ ಎಂಬ ಕಾರಣಕ್ಕೆ ನಮ್ಮ ಹುಡುಗರು ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹಾಕಿಸಿ ಹಣ ಉಳಿಸಲು ನೋಡುತ್ತಾರೆ. ಹಾಗೆ ಮಾಡಿದ ಗಾಡಿ ಚೆನ್ನಾಗಿ ಹೊರಡುತ್ತದೆ, ಆದರೆ ತಿರುವಿನಲ್ಲಿ ತಿರುಗುವುದಿಲ್ಲ, ಬ್ರೇಕ್ ಹಾಕಿದಾಗ ಮೂತಿ ನೆಟ್ಟಗೆ ಮುಂದಕ್ಕೇ ಹೋಗುತ್ತದೆ. ಹಾಕಿಸುವುದಿದ್ದರೆ ನಾಲ್ಕಕ್ಕೂ ಹಾಕಿಸಬೇಕು. ಗೀರಿನ ಆಳ 4 ಮಿ.ಮೀ.ಗೆ ಇಳಿದ ಟಯರನ್ನು ಹಿಮಕ್ಕೆ ಒಯ್ಯಬಾರದು. ನೋಟಕ್ಕೆ ಚೆಂದವೆಂದು ಹಾಕಿಸುವ ಅಗಲ ಟಯರು ಹಿಮದ ಮೇಲೆ ತೇಲುತ್ತದೆ. ಕಂಪನಿ ಸೂಚಿಸಿದ ಅಳತೆಗಳಲ್ಲಿ ಕಿರಿದಾದುದೇ ಹಿಮವನ್ನು ಸೀಳಿ ಕೆಳಗಿನ ರಸ್ತೆಯನ್ನು ಮುಟ್ಟುತ್ತದೆ. ಗಾಳಿಯ ಒತ್ತಡವೂ ಚಳಿಗೆ ಇಳಿಯುವಂಥದ್ದು: ಉಷ್ಣತೆ ಐದಾರು ಡಿಗ್ರಿ ಇಳಿದಂತೆ ಸುಮಾರು 1 ಪಿ.ಎಸ್.ಐ. ಕಡಿಮೆಯಾಗುತ್ತದೆ. ಸೆಪ್ಟೆಂಬರಿನಲ್ಲಿ ತುಂಬಿಸಿದ ಗಾಳಿಯನ್ನು ಡಿಸೆಂಬರಿಗೆ ನಂಬಿ ಕೂರುವಂತಿಲ್ಲ.

ಟಯರಿನ ನಂತರ ಮರಳು. ಅಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ನವೆಂಬರ್ ಬಂತೆಂದರೆ 27ರಿಂದ 30 ಕೆ.ಜಿ. ತೂಗುವ ಉದ್ದನೆಯ ಮರಳಿನ ಚೀಲಗಳನ್ನು ಬಾಗಿಲಲ್ಲೇ ಪೇರಿಸಿಟ್ಟಿರುತ್ತಾರೆ. ಸಣ್ಣ ಪಿಕಪ್ಪಿಗೆ ನಾಲ್ಕೈದು ಚೀಲ ಸಾಕು. ಎಷ್ಟು ಇಡುತ್ತೇವೆ ಎನ್ನುವುದಕ್ಕಿಂತ ಎಲ್ಲಿ ಇಡುತ್ತೇವೆ ಎನ್ನುವುದು ಇಲ್ಲಿ ದೊಡ್ಡದು. ಹಿಂದಿನ ಆಕ್ಸಲ್ಲಿನ ನೇರಕ್ಕೆ, ಇಲ್ಲವೇ ಅದಕ್ಕಿಂತ ಗೇಣು ಮುಂದಕ್ಕೆ ಇಡಬೇಕು. ಹತ್ತಿಸಲು ಸುಲಭವೆಂದು ಹಿಂಬದಿಯ ಬಾಗಿಲ ಪಕ್ಕದಲ್ಲೇ ಬಿಟ್ಟರೆ, ಆ ಭಾರ ಆಕ್ಸಲ್ಲಿನ ಹಿಂದೆ ತೂಗಿ ಏತದ ಮರದಂತೆ ಮುಂದಿನ ತುದಿಯನ್ನು ಎತ್ತುತ್ತದೆ, ಸ್ಟೇರಿಂಗಿನ ಚಕ್ರಗಳು ಹಗುರಾಗುತ್ತವೆ. ತೊಟ್ಟಿಯ ತಳದಲ್ಲಿ ರಬ್ಬರ್ ಹಾಸು ಹಾಕಿ, ಚೀಲಗಳನ್ನು ಅಡ್ಡಕ್ಕೆ ಮಲಗಿಸಿ, ತೊಟ್ಟಿಯ ಕೊಂಡಿಗಳಿಗೆ ಬೆಲ್ಟಿನಿಂದ ಬಿಗಿಯಬೇಕು. ಕಾಂಕ್ರೀಟಿನ ಇಟ್ಟಿಗೆಗಳನ್ನು ಬಿಡಿಯಾಗಿ ಹಾಕಿಕೊಂಡು ಓಡಾಡುವವರಿದ್ದಾರೆ. ಗಾಡಿ ಯಾವುದಕ್ಕಾದರೂ ಗುದ್ದಿ ಥಟ್ಟನೆ ನಿಂತಾಗ ಅವು ನಿಲ್ಲುವುದಿಲ್ಲ, ಚಾಲಕನ ಬೆನ್ನ ಹಿಂದಿನ ಗಾಜಿಗೇ ಬರುತ್ತವೆ. ಮರಳಿಗೆ ಇನ್ನೊಂದು ಗುಣವಿದೆ: ಚಕ್ರ ಹೂತಾಗ ಒಂದು ಚೀಲ ಹರಿದು ಟಯರಿನ ಮುಂದೆ ಎರಚಿಕೊಳ್ಳಬಹುದು. ತೊಟ್ಟಿಯಲ್ಲಿ ಬಿದ್ದ ಹಿಮವನ್ನೇ ಭಾರವೆಂದು ಬಿಟ್ಟುಕೊಳ್ಳುವುದು ಸೋಮಾರಿಗಳ ಉಪಾಯ; ಅದು ಹೆಪ್ಪುಗಟ್ಟಿ ಹಲಗೆಯಾಗಿ ಹೆದ್ದಾರಿಯಲ್ಲಿ ಹಿಂದಿನವರ ಮೇಲೆ ಹಾರುತ್ತದೆ. ಭಾರ ಹೆಚ್ಚಿದಷ್ಟೂ ಒಳ್ಳೆಯದೆಂದೂ ಅಲ್ಲ. ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ಗಾಡಿ ಹೊರಬಹುದಾದ ತೂಕ ಬರೆದಿರುತ್ತದೆ. ಜನ, ಸಾಮಾನು, ಮರಳು ಮೂರೂ ಸೇರಿ ಅದರೊಳಗೆ ಇರಬೇಕು.

ಓಡಿಸುವ ವಿಷಯಕ್ಕೆ ಬಂದರೆ, ಕರಾವಳಿಯವರಾದ ನಮಗೆ ಘಾಟಿಯ ಅಭ್ಯಾಸವಿದೆ. ಅದರಲ್ಲಿ ಕೆಲವು ಅಲ್ಲಿ ಕೈಹಿಡಿಯುತ್ತವೆ, ಕೆಲವು ಕೈಕೊಡುತ್ತವೆ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ತಿರುವು ಇಳಿಯುವಾಗ ಕೆಳಗಿನ ಗೇರಿನಲ್ಲಿ ಎಂಜಿನ್ನಿನ ತಡೆಯ ಮೇಲೆ ಇಳಿಯುವವರು ನಾವು. ಬ್ರೇಕ್ ಕಾಯಿಸಬಾರದು ಎಂಬುದು ನಮಗೆ ಮೊದಲ ಗುರು ಹೇಳಿಕೊಟ್ಟ ಮಾತು. ಹಿಮದ ಇಳಿಜಾರಿನಲ್ಲೂ ಕೆಳಗಿನ ಗೇರು ಸರಿಯೇ, ಆದರೆ ಅದನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿಕೊಂಡಿರಬೇಕು. ಇಳಿಯುತ್ತಿರುವಾಗ ನಡುವೆ ಮೂರರಿಂದ ಎರಡಕ್ಕೆ ಇಳಿಸಿ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ, ಎಂಜಿನ್ನಿನ ತಡೆ ಪೂರ್ತಿಯಾಗಿ ಹಿಂದಿನ ಎರಡು ಚಕ್ರಗಳಿಗೇ ಬಡಿಯುತ್ತದೆ. ಹಗುರಾದ ಆ ಚಕ್ರಗಳು ತಿರುಗುವುದನ್ನು ನಿಲ್ಲಿಸಿ ಜಾರಲು ತೊಡಗುತ್ತವೆ, ಹ್ಯಾಂಡ್ ಬ್ರೇಕ್ ಎಳೆದಷ್ಟೇ ಪರಿಣಾಮ. ಗಾಡಿಯ ಬಾಲ ಮೂತಿಯನ್ನು ಹಿಂದೆ ಹಾಕಲು ಹೊರಡುತ್ತದೆ. ಆಟೋಮ್ಯಾಟಿಕ್ ಗಾಡಿಯಲ್ಲೂ ಲಿವರ್ ಎಳೆದು ಗೇರು ಇಳಿಸುವವರಿಗೆ ಇದೇ ಗತಿ.

ಕಾಲಿನ ಕೆಲಸವೆಲ್ಲ ಮೆತ್ತಗಿರಬೇಕು. ಹೊರಡುವಾಗ ಗೇರ್ ಇರುವ ಗಾಡಿಯಾದರೆ ಎರಡನೇ ಗೇರಿನಲ್ಲಿ, ಆಕ್ಸಿಲರೇಟರ್ ಮುಟ್ಟಿಯೂ ಮುಟ್ಟದ ಹಾಗೆ ಹೊರಡಬೇಕು. ಒಂದು ಚಕ್ರ ತಿರುಗತೊಡಗಿತೆಂದರೆ ಕಾಲೆತ್ತಬೇಕು. ಎಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಸಾಮಾನ್ಯ ಡಿಫರೆನ್ಷಿಯಲ್ಲಿನ ಸ್ವಭಾವವೇ ಹಾಗೆ, ಹಿಡಿತವಿಲ್ಲದ ಚಕ್ರ ಎಷ್ಟು ಬಲ ತಾಳಬಲ್ಲದೋ ಅಷ್ಟನ್ನೇ ಇನ್ನೊಂದಕ್ಕೂ ಕೊಡುತ್ತದೆ. ಬಲಗಡೆಯ ಟಯರು ಮಂಜುಗಡ್ಡೆಯ ಮೇಲೆ ಗಿರ್ರನೆ ತಿರುಗುತ್ತಿದ್ದರೆ, ಎಡಗಡೆಯದು ಒಣ ಡಾಂಬರಿನ ಮೇಲಿದ್ದೂ ಅಲುಗುವುದಿಲ್ಲ. ತಿರುಗುವ ಚಕ್ರದ ಬಿಸಿಗೆ ಕೆಳಗಿನ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ ಗಾಜಿನ ಬಟ್ಟಲಾಗುತ್ತದೆ. ಕೊಳ್ಳುವ ಗಾಡಿಯಲ್ಲಿ ಲಿಮಿಟೆಡ್ ಸ್ಲಿಪ್ ಅಥವಾ ಲಾಕ್ ಆಗುವ ಡಿಫರೆನ್ಷಿಯಲ್ ಇದ್ದರೆ ಅದಕ್ಕೆ ಸ್ವಲ್ಪ ಹೆಚ್ಚು ಹಣ ಕೊಡಬಹುದು ಎಂದು ನಾನು ಹೇಳುವುದು ಇದಕ್ಕೇ. ಅದಕ್ಕಿಂತ ಮುಖ್ಯವಾದದ್ದು ಸ್ಟೆಬಿಲಿಟಿ ಕಂಟ್ರೋಲ್, ಅಂದರೆ ಗಾಡಿ ಜಾರತೊಡಗಿದಾಗ ಬೇಕಾದ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ದಾರಿಗೆ ತರುವ ವ್ಯವಸ್ಥೆ. ಕೆನಡಾದಲ್ಲಿ 2011ರ ಸೆಪ್ಟೆಂಬರಿನಿಂದ ತಯಾರಾದ ಕಾರು, ಪಿಕಪ್ಪುಗಳಲ್ಲಿ ಅದು ಕಡ್ಡಾಯವಾಗಿದೆ. ಅದಕ್ಕಿಂತ ಹಳೆಯ ಗಾಡಿಯಾದರೆ ಇದೆಯೋ ಇಲ್ಲವೋ ವಿಚಾರಿಸಿಯೇ ಮುಂದುವರಿಯಬೇಕು.

ಹಿಂಭಾಗ ಜಾರತೊಡಗಿದಾಗ ಮಾಡಬೇಕಾದದ್ದು ಹೇಳಲು ಸುಲಭ. ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು, ಬ್ರೇಕ್ ಮುಟ್ಟಬಾರದು, ಕಣ್ಣನ್ನು ಕಂದಕದಿಂದ ಕಿತ್ತು ಹೋಗಬೇಕಾದ ದಾರಿಯ ಮೇಲೆ ನೆಟ್ಟು ಸ್ಟೇರಿಂಗನ್ನು ಅತ್ತ ತಿರುಗಿಸಬೇಕು. ಅಂದರೆ ಬಾಲ ಬಲಕ್ಕೆ ಹೋಗುತ್ತಿದ್ದರೆ ಸ್ಟೇರಿಂಗೂ ಬಲಕ್ಕೆ. ಬಾಲ ಮರಳಿ ಬರುವಾಗ ಅದೇ ವೇಗದಲ್ಲಿ ಸ್ಟೇರಿಂಗನ್ನು ನೇರ ಮಾಡದಿದ್ದರೆ ಅದು ಎದುರು ದಿಕ್ಕಿಗೆ ಇನ್ನೂ ಜೋರಾಗಿ ಬೀಸುತ್ತದೆ. ಪಿಕಪ್ಪುಗಳು ಹಿಡಿತ ತಪ್ಪುವುದು ಹೆಚ್ಚಾಗಿ ಈ ಎರಡನೆಯ ಬೀಸಿಗೆ. ಮೂತಿಯೇ ಜಾರಿ ಗಾಡಿ ತಿರುಗದೆ ಹೋದರೆ ಸ್ಟೇರಿಂಗನ್ನು ಇನ್ನಷ್ಟು ತಿರುಗಿಸಬೇಕೆನಿಸುತ್ತದೆ. ಮಾಡಬೇಕಾದದ್ದು ಅದಕ್ಕೆ ವಿರುದ್ಧ, ಸ್ವಲ್ಪ ನೇರಕ್ಕೆ ತಂದು ಚಕ್ರಗಳಿಗೆ ಮತ್ತೆ ಹಿಡಿತ ಸಿಗಲು ಬಿಡಬೇಕು. ಬ್ರೇಕ್ ಹಾಕಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ಎ.ಬಿ.ಎಸ್. ಇರುವ ಗಾಡಿಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಪೆಡಲು ಕಾಲಿನಡಿ ಕಟಕಟನೆ ನಡುಗುತ್ತದೆ. ಏನೋ ಮುರಿಯಿತೆಂದು ಹೆದರಿ ಕಾಲೆತ್ತುವುದು ಹೊಸಬರೆಲ್ಲ ಮಾಡುವ ಕೆಲಸ, ಒತ್ತಿಕೊಂಡೇ ಇರಬೇಕು. ಮೊದಲ ಹಿಮ ಬಿದ್ದ ಭಾನುವಾರ ಬೆಳಿಗ್ಗೆ ಯಾವುದಾದರೂ ದೊಡ್ಡ ಖಾಲಿ ಪಾರ್ಕಿಂಗ್ ಜಾಗದಲ್ಲಿ, ಅಲ್ಲಿಯವರ ಅನುಮತಿ ಪಡೆದು, ಇಪ್ಪತ್ತರ ವೇಗದಲ್ಲಿ ಇವೆಲ್ಲವನ್ನೂ ಒಮ್ಮೆ ಮಾಡಿ ನೋಡಬೇಕು. ಓದಿ ಕಲಿತದ್ದು ಕೈಗೆ ಬರುವುದಿಲ್ಲ.

ಹಿಮಕ್ಕಿಂತ ಹೆಚ್ಚು ಹೆದರಬೇಕಾದದ್ದು ಕಣ್ಣಿಗೆ ಕಾಣದ ಮಂಜುಗಡ್ಡೆಗೆ. ಮೈನಸ್ 20 ಡಿಗ್ರಿಯಲ್ಲಿ ಹಿಮ ಬೂಟಿನಡಿ ಕಿರಕಿರ ಎನ್ನುತ್ತದೆ, ಅದರ ಮೇಲೆ ಟಯರಿಗೂ ಒಂದಿಷ್ಟು ಹಿಡಿತ ಸಿಗುತ್ತದೆ. ಸೊನ್ನೆಯ ಆಸುಪಾಸಿನಲ್ಲಿ, ಮೇಲ್ಮೈಯಲ್ಲಿ ತೆಳುವಾಗಿ ನೀರಾಡುವ ಮಂಜುಗಡ್ಡೆಯೇ ಎಲ್ಲಕ್ಕಿಂತ ಜಾರುವುದು. ನಮ್ಮವರು ಚಳಿ ಹೆಚ್ಚಿದ ದಿನ ಹೆದರುತ್ತಾರೆ, ಬಿಸಿಲು ಬಿದ್ದು ಸೊನ್ನೆಗೆ ಬಂದ ದಿನ ಹಿಗ್ಗುತ್ತಾರೆ. ರಸ್ತೆಯ ಮಟ್ಟಿಗೆ ಇದು ಉಲ್ಟಾ. ರಸ್ತೆ ಒದ್ದೆಯಾಗಿ ಕಾಣುತ್ತಿದ್ದು, ಮುಂದಿನ ಗಾಡಿಯ ಚಕ್ರದಿಂದ ನೀರು ಸಿಡಿಯುತ್ತಿಲ್ಲವಾದರೆ ಅದು ನೀರಲ್ಲ. ಟಯರಿನ ಸದ್ದು ಇದ್ದಕ್ಕಿದ್ದಂತೆ ನಿಂತು ಸ್ಟೇರಿಂಗು ಕೈಗೆ ಹಗುರವೆನಿಸಿದರೆ ಗಾಡಿ ಆಗಲೇ ಮಂಜುಗಡ್ಡೆಯ ಮೇಲಿದೆ. ಸೇತುವೆಗಳು ಕೆಳಗಿನಿಂದಲೂ ಗಾಳಿಗೆ ತಣಿಯುವುದರಿಂದ ಉಳಿದ ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತವೆ. ಕಲ್ಯಾಣಪುರದ ಸೇತುವೆಯನ್ನು ದಾಟಿದಷ್ಟು ನಿಶ್ಚಿಂತೆಯಿಂದ ಅಲ್ಲಿನ ಯಾವ ಸೇತುವೆಯನ್ನೂ ದಾಟುವಂತಿಲ್ಲ. ರಸ್ತೆಗೆ ಎರಚುವ ಉಪ್ಪು ಮೈನಸ್ 10ರ ಸುಮಾರಿಗೆ ತನ್ನ ಶಕ್ತಿ ಕಳೆದುಕೊಳ್ಳುತ್ತ ಬರುತ್ತದೆ, ಉಪ್ಪು ಕಂಡಿತೆಂದು ವೇಗ ಹೆಚ್ಚಿಸಬಾರದು.

ಮಳೆಯ ವಿಷಯವನ್ನೂ ಹೇಳಬೇಕು. ಆಷಾಢದ ಮಳೆಯಲ್ಲಿ ವೈಪರು ಕೆಟ್ಟ ಗಾಡಿಯನ್ನೂ ಓಡಿಸಿದ ನಮಗೆ ಮಳೆ ಕಂಡರೆ ಧೈರ್ಯವೇ ಬರುತ್ತದೆ. ಅಲ್ಲಿ ಚಳಿಗಾಲದಲ್ಲಿ ಸುರಿಯುವ ಒಂದು ಬಗೆಯ ಮಳೆ ನೀರಾಗಿ ಬಿದ್ದು, ನೆಲ ಮುಟ್ಟಿದೊಡನೆ ಗಾಜಾಗುತ್ತದೆ. ಫ್ರೀಜಿಂಗ್ ರೇನ್ ಎಂದು ಹವಾಮಾನ ವರದಿಯಲ್ಲಿ ಹೇಳಿದ ದಿನ ಯಾವ ಟಯರೂ ಯಾವ ಮರಳೂ ಕೆಲಸಕ್ಕೆ ಬರುವುದಿಲ್ಲ, ಅಂದು ಗಾಡಿ ತೆಗೆಯಲೇಬಾರದು. ಲಂಡನ್ ನಗರದ ಸುತ್ತ ಇನ್ನೊಂದು ಕಾಟವಿದೆ. ಹ್ಯೂರನ್ ಸರೋವರದ ನೀರು ಇನ್ನೂ ಹೆಪ್ಪುಗಟ್ಟದಿರುವಾಗ ವಾಯವ್ಯದ ತಣ್ಣನೆಯ ಗಾಳಿ ಅದರ ಮೇಲೆ ಬೀಸಿ, ತೇವ ಹೀರಿ, ದಡ ದಾಟಿದ ಮೇಲೆ ಅದನ್ನು ಹಿಮವಾಗಿ ಸುರಿಸುತ್ತದೆ. ಆ ಹಿಮ ಕಿರಿದಾದ ಪಟ್ಟಿಗಳಲ್ಲಿ ಬೀಳುತ್ತದೆ. ಬಿಸಿಲಿನಲ್ಲಿ ಹೊರಟ ಗಾಡಿ ಹತ್ತು ನಿಮಿಷದಲ್ಲಿ ಬಾನೆಟ್ಟೂ ಕಾಣದ ಬಿಳುಪಿನೊಳಗೆ ನುಗ್ಗಬಹುದು. ಹೊರಡುವ ಮೊದಲು ಒಂಟಾರಿಯೋ 511 ಸೇವೆಯಲ್ಲಿ ರಸ್ತೆಯ ಸ್ಥಿತಿ ನೋಡುವುದು, ಕೆಟ್ಟಿದ್ದರೆ ಕೆಲಸದ ಜಾಗಕ್ಕೆ ಫೋನ್ ಮಾಡಿ ಬರುವುದಿಲ್ಲ ಎನ್ನುವುದು, ಇವೆರಡನ್ನೂ ಚಾಲನೆಯ ಭಾಗವೆಂದೇ ತಿಳಿಯಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಈ ಎರಡನೆಯದು ಕಷ್ಟವೆಂದು ನನಗೆ ಗೊತ್ತು, ಆದರೂ ಹೇಳುತ್ತೇನೆ.

ಮಂಗಳೂರು-ಉಡುಪಿ ಎಕ್ಸ್‌ಪ್ರೆಸ್ ಬಸ್ಸುಗಳ ಬೆನ್ನಿಗೆ ಅಂಟಿಕೊಂಡು ಓಡಿಸುವ ನಮ್ಮ ಹೆದ್ದಾರಿ 66ರ ಅಭ್ಯಾಸವನ್ನು ಪೂರ್ತಿ ಬಿಡಬೇಕು. ಮುಂದಿನ ಗಾಡಿ ದಾಟಿದ ಕಂಬವನ್ನು ನಾವು ದಾಟಲು ಎಂಟು ಹತ್ತು ಸೆಕೆಂಡಾದರೂ ಹಿಡಿಯಬೇಕು. ಆ ಖಾಲಿ ಜಾಗಕ್ಕೆ ಯಾರಾದರೂ ನುಗ್ಗಿದರೆ ಮತ್ತೆ ಹಿಂದೆ ಸರಿಯಬೇಕು, ಅದರಲ್ಲಿ ಮಾನಾಪಮಾನದ ಪ್ರಶ್ನೆಯಿಲ್ಲ. ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲನ್ನು ಜಾರುವ ರಸ್ತೆಯಲ್ಲಿ ಹಾಕಲೇಬಾರದು. ನೀಲಿ ದೀಪ ಮಿನುಗಿಸುತ್ತ ಹಿಮ ಬಳಿದು ತೆಗೆಯುವ ಗಾಡಿಗಳು ಹೆದ್ದಾರಿ 401ರಲ್ಲಿ ಒಂದರ ಹಿಂದೊಂದು ಓರೆಯಾಗಿ ಸಾಲುಗಟ್ಟಿ ಹೋಗುತ್ತವೆ, ಅವುಗಳನ್ನು ಹಿಂದಿಕ್ಕುವ ಯೋಚನೆಯೇ ಬೇಡ. ಅವುಗಳ ಹಿಂದೆ ಸಿಗುವಷ್ಟು ಒಳ್ಳೆಯ ರಸ್ತೆ ಅವುಗಳ ಮುಂದೆ ಇರುವುದಿಲ್ಲ. ಹೆಡ್‌ಲೈಟನ್ನು ಕೈಯಿಂದಲೇ ಹಾಕಿಕೊಳ್ಳಬೇಕು: 1989ರ ಡಿಸೆಂಬರಿನಿಂದ ಕೆನಡಾದ ಗಾಡಿಗಳಲ್ಲಿ ಹಗಲಿನ ದೀಪ ತಾನಾಗಿ ಉರಿಯುತ್ತದೆ, ಆದರೆ 2021ರ ಸೆಪ್ಟೆಂಬರಿಗೆ ಮೊದಲು ತಯಾರಾದ ಎಷ್ಟೋ ಗಾಡಿಗಳಲ್ಲಿ ಅದರ ಜೊತೆಗೆ ಹಿಂದಿನ ಕೆಂಪು ದೀಪ ಉರಿಯುವುದಿಲ್ಲ. ಮಾಡಿನ ಮೇಲಿನ ಹಿಮವನ್ನು ಗುಡಿಸದೆ ಹೊರಟರೆ ಮೊದಲ ಬ್ರೇಕಿಗೆ ಅದು ಪೂರ್ತಿಯಾಗಿ ಮುಂದಿನ ಗಾಜಿನ ಮೇಲೆ ಇಳಿಯುತ್ತದೆ. ಗಾಜು ತೊಳೆಯುವ ಡಬ್ಬಿಯಲ್ಲಿ ಊರಿನ ಹಾಗೆ ನಲ್ಲಿ ನೀರು ತುಂಬಿಸಬಾರದು, ಮೈನಸ್ 40ಕ್ಕೂ ಹೆಪ್ಪುಗಟ್ಟದ ದ್ರವವನ್ನೇ ಹಾಕಬೇಕು.

ಸಿಕ್ಕಿಹಾಕಿಕೊಂಡಾಗ ಮೊದಲು ಮಾಡಬೇಕಾದ ಕೆಲಸ ಸೈಲೆನ್ಸರಿನ ಬಾಯಿ ನೋಡುವುದು. ಹಿಮದಲ್ಲಿ ಹೂತ ಗಾಡಿಯ ಎಂಜಿನ್ನು ಓಡುತ್ತಿದ್ದರೆ ಹೊಗೆಗೆ ದಾರಿಯಿಲ್ಲದೆ ಕಾರ್ಬನ್ ಮಾನಾಕ್ಸೈಡ್ ಒಳಕ್ಕೆ ತುಂಬುತ್ತದೆ. ಅದಕ್ಕೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ, ಬೆಚ್ಚಗೆ ಕೂತವರು ನಿದ್ದೆಯಲ್ಲೇ ಹೋಗುತ್ತಾರೆ. ಸಲಿಕೆಯಿಂದ ಆ ಬಾಯಿಯನ್ನೂ ನಾಲ್ಕು ಚಕ್ರಗಳ ಮುಂದಿನ ಹಿಮವನ್ನೂ ತೆಗೆದು, ಮರಳು ಎರಚಿ, ಸ್ಟೇರಿಂಗ್ ನೇರ ಮಾಡಿ, ಚಕ್ರ ಗಿರ್ರನೆ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ, ಒಂದನೇ ಗೇರು ಮತ್ತು ರಿವರ್ಸಿನ ನಡುವೆ ಗಾಡಿಯನ್ನು ಮೆಲ್ಲಗೆ ತೂಗಬೇಕು. ನಾಲ್ಕೈದು ತೂಗಿಗೆ ಬಾರದಿದ್ದರೆ ನಿಲ್ಲಿಸಿ ಮತ್ತೆ ಸಲಿಕೆ ಹಿಡಿಯಬೇಕು. ಬಿರುಗಾಳಿಯಲ್ಲಿ ಸಿಕ್ಕಿಬಿದ್ದರೆ ಗಾಡಿ ಬಿಟ್ಟು ನಡೆಯಬಾರದು. ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಗಾಳಿ ಬಾರದ ಕಡೆಯ ಕಿಟಕಿಯನ್ನು ಬೆರಳಷ್ಟು ಇಳಿಸಿಟ್ಟು ಕಾಯಬೇಕು. ಕಂಬಳಿ, ಕೈಗವುಸು, ಟಾರ್ಚು, ಸಲಿಕೆ ಇವು ಸೀಟಿನ ಹಿಂದೆ ಸದಾ ಇರಲಿ, ತೊಟ್ಟಿಯಲ್ಲಲ್ಲ. ತೊಟ್ಟಿಯಲ್ಲಿಟ್ಟ ಸಲಿಕೆಯನ್ನು ತೆಗೆಯಲು ಇನ್ನೊಂದು ಸಲಿಕೆ ಬೇಕಾಗುತ್ತದೆ. ಇಂಧನ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ಹಣದ ಮಾತು. ಹಳೇ ಟಯರಿನ ಫೋರ್ ವೀಲ್ ಗಾಡಿ ಒಂದು ಕಡೆ, ಬೇರೆ ರಿಮ್ಮಿಗೆ ಕೂರಿಸಿದ ನಾಲ್ಕು ಹೊಸ ಚಳಿಗಾಲದ ಟಯರುಗಳ ಸಮೇತ ಟೂ ವೀಲ್ ಗಾಡಿ ಇನ್ನೊಂದು ಕಡೆ ಇದ್ದು, ಎರಡಕ್ಕೂ ಒಟ್ಟು ಖರ್ಚು ಒಂದೇ ಆದರೆ, ಊರಿನೊಳಗೆ ಮತ್ತು ಹಿಮ ತೆಗೆದ ಹೆದ್ದಾರಿಯಲ್ಲಿ ಓಡಾಡುವವನಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಹಳ್ಳಿಯ ಕಡೆ, ಏರುಮನೆಯಲ್ಲಿ, ಹಿಮ ತೆಗೆಯುವ ಗಾಡಿ ಮಧ್ಯಾಹ್ನಕ್ಕೆ ಬರುವ ಕಡೆ ಇರುವವನಿಗೆ ಟೂ ವೀಲ್ ಬೇಡ. ಏಪ್ರಿಲಿನಲ್ಲಿ ಉಷ್ಣತೆ 7 ಡಿಗ್ರಿಗಿಂತ ಮೇಲೆ ನಿಂತಾಗ ಟಯರು ಬದಲಿಸಿ ಮರಳು ಇಳಿಸಬೇಕು, ಇಲ್ಲದಿದ್ದರೆ ಆ ಮೆತ್ತನೆಯ ರಬ್ಬರು ಬೇಸಿಗೆಯ ಡಾಂಬರಿಗೆ ಬೇಗ ಸವೆಯುತ್ತದೆ. ಮಲ್ಪೆಯ ಬಂದರಿನಿಂದ ಮೀನು ಸಾಗಿಸುವ ಪಿಕಪ್ಪುಗಳ ಅಡಿಭಾಗ ನೋಡಿದವರಿಗೆ ಉಪ್ಪು ಕಬ್ಬಿಣಕ್ಕೆ ಏನು ಮಾಡುತ್ತದೆ ಎಂದು ಗೊತ್ತು. ಅಲ್ಲಿ ರಸ್ತೆಯೇ ಉಪ್ಪು. ಚಳಿಗಾಲದಲ್ಲೂ ಆಗಾಗ ಅಡಿಭಾಗ ತೊಳೆಸಬೇಕು. ಹಳೆಯ ಗಾಡಿ ಕೊಳ್ಳುವ ಮೊದಲು ಹೊರಗಿನ ಬಣ್ಣಕ್ಕೆ ಮರುಳಾಗದೆ ಲಿಫ್ಟಿಗೆ ಏರಿಸಿ, ಚೇಸಿಸ್ಸಿನ ಉದ್ದಕ್ಕೂ, ಪಟ್ಟೆ ಸ್ಪ್ರಿಂಗು ಕೂರುವ ಕೊಂಡಿಗಳಲ್ಲಿ, ಬ್ರೇಕಿನ ಪೈಪುಗಳಲ್ಲಿ ಸ್ಕ್ರೂಡ್ರೈವರಿನಿಂದ ತಟ್ಟಿ ನೋಡಿ. ಹಳೆಯ ಚೇಸಿಸ್ಸಿಗೆ ಹೊಸದಾಗಿ ದಪ್ಪಗೆ ಕಪ್ಪು ಬಣ್ಣ ಬಳಿದಿದ್ದರೆ, ಬೆಲೆ ಎಷ್ಟೇ ಕಡಿಮೆ ಹೇಳಿದರೂ ಆ ಗಾಡಿ ಬೇಡ.